ಕ್ರಿಕೆಟ್ಟಿಗೆ ದುಬೈ ಇದೆ, ತಿಕೋಟಾ ರಸ್ತೆಯ ಸೈಕ್ಲಿಸ್ಟ್‌ಗೆ ಏನಿದೆ?

ದಕ್ಷಿಣ ಏಷ್ಯಾ ಕ್ರೀಡಾಕೂಟ ಕೊನೆಯ ಸಲ ನಡೆದದ್ದು 2019ರ ಡಿಸೆಂಬರ್‌ನಲ್ಲಿ, ನೇಪಾಳದಲ್ಲಿ. ಆಗ ಹದಿನೆಂಟು ತುಂಬಿದ್ದ ಹುಡುಗ ಈಗ ಇಪ್ಪತ್ತನಾಲ್ಕು ದಾಟಿದ್ದಾನೆ. ಮುಂದಿನ ಕೂಟ, ಅಂದರೆ ಹದಿನಾಲ್ಕನೆಯದು, ಪಾಕಿಸ್ತಾನದಲ್ಲಿ ಆಗಬೇಕಿತ್ತು. ಮೊದಲು 2021 ಅಂದರು, ಕೋವಿಡ್ ಬಂತು. ಆಮೇಲೆ ಒಂದರ ಹಿಂದೊಂದು ದಿನಾಂಕ ಹೇಳುತ್ತ ಹೋದರು. 2026ರ ಜನವರಿ ಎಂದು ಹೇಳಿದ್ದೂ ದಾಟಿಹೋಯಿತು. ಇದರ ಬಗ್ಗೆ ಟಿವಿಯಲ್ಲಿ ಒಂದು ಚರ್ಚೆಯೂ ಆಗಲಿಲ್ಲ, ಯಾರೂ ರಸ್ತೆಗೆ ಇಳಿಯಲಿಲ್ಲ.

ಪಾಕಿಸ್ತಾನದ ಜೊತೆ ಆಡಬೇಕೋ ಬೇಡವೋ ಎಂಬ ವಾದ ಮಾತ್ರ ವರ್ಷವಿಡೀ ನಡೆಯಿತು. ವಿಜಯಪುರದ ಗಾಂಧಿ ಚೌಕದಲ್ಲೂ ನಡೆಯಿತು, ತಿಕೋಟಾದ ಚಹಾದಂಗಡಿಯಲ್ಲೂ ನಡೆಯಿತು. ಆದರೆ ಆ ವಾದವೆಲ್ಲ ಕ್ರಿಕೆಟ್ಟಿನ ಸುತ್ತ ಸುತ್ತಿತು. ಕೊನೆಗೆ ಕ್ರಿಕೆಟ್ಟಿಗೆ ಏನೂ ನಷ್ಟವಾಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್‌ಗಾಗಿ ದುಬೈಯಲ್ಲಿ ಭಾರತ ಮತ್ತು ಪಾಕಿಸ್ತಾನ ಸಾಲಾಗಿ ಮೂರು ಭಾನುವಾರ ಆಡಿದವು: 14, 21, 28. ಕೈ ಕುಲುಕಲಿಲ್ಲ, ಗೆದ್ದ ಭಾರತ ಟ್ರೋಫಿಯನ್ನು ಪಾಕಿಸ್ತಾನದವರ ಕೈಯಿಂದ ತೆಗೆದುಕೊಳ್ಳಲಿಲ್ಲ, ಆದರೆ ಆಡಿದರು. ಜಾಹೀರಾತು ಬಂತು, ಪ್ರಸಾರದ ಹಣ ಬಂತು. ಹಾಗಾದರೆ ಆಡಬಾರದೆಂಬ ನಿಷ್ಠುರದ ಬೆಲೆ ತೆತ್ತವರು ಯಾರು? ಕಬಡ್ಡಿ, ಖೋ-ಖೋ, ಸೈಕ್ಲಿಂಗ್, ಕುಸ್ತಿ, ಓಟ, ಭಾರ ಎತ್ತುವ ಸ್ಪರ್ಧೆಯ ಮಕ್ಕಳು. ಕ್ರಿಕೆಟ್ಟಿನಷ್ಟು ಪ್ರಾಯೋಜಕರಿಲ್ಲದ ಆಟಗಳ, ಹಳ್ಳಿಗಾಡಿನ ಮಕ್ಕಳು. ಇದನ್ನು ನಾನು ಅನ್ಯಾಯ ಎನ್ನುತ್ತೇನೆ.

ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು 26 ಜನರನ್ನು ಕೊಂದರು. ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಆ ಸಿಟ್ಟು ನನ್ನದೂ ಹೌದು. 1963ರಿಂದ ಸೈನಿಕ ಶಾಲೆ ಇರುವ ಊರು ನಮ್ಮದು. ಗಡಿ ಕಾಯುವವರ ನೋವನ್ನು ವಿಜಯಪುರಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಪಾಕಿಸ್ತಾನದ ಸೇನೆ ಮತ್ತು ಅದು ಸಾಕಿದ ಸಂಘಟನೆಗಳ ಮೇಲಿನ ಕೋಪ ನ್ಯಾಯವಾದದ್ದು. ಆದರೆ ಆ ಕೋಪದ ಲೆಕ್ಕವನ್ನು ನಮ್ಮದೇ ಮಕ್ಕಳ ಖಾತೆಗೆ ಬರೆಯುವುದು ನ್ಯಾಯವಲ್ಲ.

ಕೇಂದ್ರ ಕ್ರೀಡಾ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೊರಡಿಸಿದ ನೀತಿಯನ್ನು ಓದಿ ನೋಡಿ. ಪಾಕಿಸ್ತಾನದ ಜೊತೆ ಎರಡೇ ದೇಶಗಳ ಸರಣಿ ಎಲ್ಲಿಯೂ ಇಲ್ಲ, ಮೂರನೇ ದೇಶದ ನೆಲದಲ್ಲೂ ಇಲ್ಲ. ಆದರೆ ಹಲವು ದೇಶಗಳ ಕೂಟಗಳಿಗೆ ಅಡ್ಡಿಯಿಲ್ಲ. ಅಲ್ಲಿ ಅಂತರರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಪದ್ಧತಿಯನ್ನೂ ನಮ್ಮ ಕ್ರೀಡಾಪಟುಗಳ ಹಿತವನ್ನೂ ನೋಡಲಾಗುವುದು ಎಂದು ಸರ್ಕಾರವೇ ಹೇಳಿದೆ. ಏಷ್ಯಾ ಕಪ್ ಆಡಿದ್ದು ಇದೇ ನೀತಿಯ ನೆರಳಿನಲ್ಲಿ. ದಕ್ಷಿಣ ಏಷ್ಯಾ ಕೂಟ ಏಳು ದೇಶಗಳದು. ಹಿಂದೂ ಮಹಾಸಾಗರದ ದಂಡೆಯ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಅವುಗಳ ಜೊತೆ ಕಡಲಿಲ್ಲದ ನೇಪಾಳ ಮತ್ತು ಭೂತಾನ. ನೀತಿ ಒಂದೇ ಆಗಿದ್ದರೆ ಅದು ಕ್ರಿಕೆಟ್ಟಿಗೆ ಒಂದು ರೀತಿ, ಕಬಡ್ಡಿಗೆ ಇನ್ನೊಂದು ರೀತಿ ಆಗಬಾರದು.

ಈ ಕೂಟ 1984ರಲ್ಲಿ ಕಠ್ಮಂಡುವಿನಲ್ಲಿ ಶುರುವಾಯಿತು. ಮೊದಮೊದಲು ವರ್ಷ, ಎರಡು ವರ್ಷಕ್ಕೊಮ್ಮೆ ನಡೆಯಿತು: 1985ರಲ್ಲಿ ಢಾಕಾ, 1987ರಲ್ಲಿ ಕೋಲ್ಕತ್ತ, 1989ರಲ್ಲಿ ಇಸ್ಲಾಮಾಬಾದ್. 1995ರಲ್ಲಿ ಚೆನ್ನೈಗೆ ಬಂತು. ನಂತರ ಅಂತರ ಬೆಳೆಯುತ್ತಾ ಹೋಯಿತು. 2001ಕ್ಕೆ ಆಗಬೇಕಿದ್ದ ಇಸ್ಲಾಮಾಬಾದ್ ಕೂಟ ಮುಂದೂಡಿ ಮುಂದೂಡಿ 2004ರ ಮಾರ್ಚ್ 29ಕ್ಕೆ ಆರಂಭವಾಯಿತು. ಆ ದಿನಾಂಕ ಕ್ರಿಕೆಟ್ ಪ್ರಿಯರಿಗೆ ಬಾಯಿಪಾಠ: ವೀರೇಂದ್ರ ಸೆಹ್ವಾಗ್ ಮುಲ್ತಾನಿನಲ್ಲಿ ಮುನ್ನೂರು ದಾಟಿದ ದಿನ. ಅದೇ ದೇಶದಲ್ಲಿ ಅದೇ ದಿನ ಭಾರತದ ನೂರಾರು ಕ್ರೀಡಾಪಟುಗಳು ಕ್ರೀಡಾಂಗಣದಲ್ಲಿ ನಿಂತಿದ್ದರು. ಅದು ಯಾರಿಗೆ ನೆನಪಿದೆ?

ಇನ್ನೂ ಹತ್ತಿರದ ಸಂಗತಿ ಗುವಾಹಟಿಯದು. 2016ರ ಜನವರಿ 2ರಂದು ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿಯಾಯಿತು. ತಿಂಗಳು ಕಳೆದ ಮೇಲೆ, ಫೆಬ್ರವರಿ 5ರಂದು, ಗುವಾಹಟಿಯಲ್ಲಿ ಹನ್ನೆರಡನೆಯ ದಕ್ಷಿಣ ಏಷ್ಯಾ ಕೂಟವನ್ನು ಪ್ರಧಾನಿ ನರೇಂದ್ರ ಮೋದಿಯವರೇ ಉದ್ಘಾಟಿಸಿದರು. ಪಾಕಿಸ್ತಾನದ ತಂಡ ಬಂದಿತ್ತು. ಅದರಿಂದ ನಮ್ಮ ದೇಶಭಕ್ತಿಗೆ ಯಾವ ಕುಂದೂ ಆಗಲಿಲ್ಲ. ಭಾರತ 189 ಚಿನ್ನದೊಂದಿಗೆ 309 ಪದಕ ಗೆದ್ದಿತು.

ಜಾವೆಲಿನ್ ಎಸೆತದಲ್ಲಿ ಅಲ್ಲಿ ನಡೆದದ್ದನ್ನು ವಿವರವಾಗಿ ಹೇಳಬೇಕು. ಹರಿಯಾಣದ ಖಂಡ್ರಾ ಎಂಬ ಹಳ್ಳಿಯಿಂದ ಬಂದ, ಹದಿನೆಂಟು ವರ್ಷದ ನೀರಜ್ ಚೋಪ್ರಾ 82.23 ಮೀಟರ್ ಎಸೆದು ಚಿನ್ನ ಗೆದ್ದ. ಪಾಕಿಸ್ತಾನಿ ಪಂಜಾಬಿನ ಮಿಯಾನ್ ಚನ್ನೂ ಕಡೆಯ ಅರ್ಷದ್ ನದೀಮ್‌ಗೆ ಕಂಚು ಸಿಕ್ಕಿತು. ಇಬ್ಬರೂ ರೈತಾಪಿ ಊರುಗಳ ಹುಡುಗರು. ಅಂದು ಅವರ ಹೆಸರು ತಮ್ಮ ತಮ್ಮ ದೇಶದಲ್ಲೇ ಬಹಳ ಮಂದಿಗೆ ಗೊತ್ತಿರಲಿಲ್ಲ. 2019ರ ಕಠ್ಮಂಡು ಕೂಟದಲ್ಲಿ ಅರ್ಷದ್ 86.29 ಮೀಟರ್ ಎಸೆದು ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದ. ಟೋಕಿಯೊದಲ್ಲಿ ನೀರಜ್‌ಗೆ ಚಿನ್ನ. 2024ರ ಪ್ಯಾರಿಸ್‌ನಲ್ಲಿ ಅರ್ಷದ್‌ಗೆ ಚಿನ್ನ, ನೀರಜ್‌ಗೆ ಬೆಳ್ಳಿ. ಲೋಕವೇ ತಿರುಗಿ ನೋಡಿದ ಈ ಪೈಪೋಟಿಗೆ ಆರಂಭದ ಅಂಗಳ ಒದಗಿಸಿದ್ದು ಎರಡನೇ ದರ್ಜೆಯದೆಂದು ನಾವು ಕೈಬಿಟ್ಟಿರುವ ಇದೇ ಕೂಟ. 2025ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ತನ್ನ ಸ್ಪರ್ಧೆಗೆ ಅರ್ಷದ್‌ಗೆ ಆಹ್ವಾನ ಕೊಟ್ಟಿದ್ದಕ್ಕಾಗಿ ನೀರಜ್‌ನ ದೇಶನಿಷ್ಠೆಯನ್ನೇ ಪ್ರಶ್ನಿಸಿದವರಿದ್ದಾರೆ. ಒಲಿಂಪಿಕ್ಸ್‌ನಲ್ಲಿ ಚಿನ್ನ ತಂದವನಿಗೆ, ಸೇನೆಯಲ್ಲಿ ಸೇವೆಯಲ್ಲಿರುವವನಿಗೆ ಆ ಮಾತು! ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಈಗ ನಮ್ಮ ಜಿಲ್ಲೆಗೆ ಬರೋಣ. ದೇಶದ ಗಡಿಗೂ ವಿಜಯಪುರಕ್ಕೂ ದೂರ. ನೆರೆ ದೇಶಗಳ ಕೂಟಕ್ಕೂ ಬಬಲೇಶ್ವರದ ಮಡ್ಡಿಗೂ ಏನು ನಂಟು ಎಂದು ಕೇಳುವವರಿದ್ದಾರೆ. ನಂಟು ಇದೆ. ಕರ್ನಾಟಕದ ಸೈಕ್ಲಿಂಗ್ ಎಂದರೆ ಬಹುಪಾಲು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸೈಕ್ಲಿಂಗ್. ರಾಜ್ಯ ಸರ್ಕಾರದ ಸೈಕ್ಲಿಂಗ್ ಕ್ರೀಡಾ ನಿಲಯ ವಿಜಯಪುರದಲ್ಲಿದೆ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ರಾಜ್ಯದ ಅಂಗಿ ತೊಟ್ಟು ಪೆಡಲ್ ತುಳಿಯುವವರಲ್ಲಿ ಹೆಚ್ಚಿನವರು ಈ ಭಾಗದ ಒಕ್ಕಲು ಮನೆಗಳ, ಕೂಲಿಕಾರರ ಮನೆಗಳ ಹುಡುಗ ಹುಡುಗಿಯರು. ಚುಮುಚುಮು ನಸುಕಿನಲ್ಲಿ ಊರ ಹೊರಗಿನ ರಸ್ತೆಗಳಲ್ಲಿ, ಕಬ್ಬಿನ ಟ್ರ್ಯಾಕ್ಟರು, ಲಾರಿಗಳ ನಡುವೆ ಜೀವ ಹಿಡಿದುಕೊಂಡು ಅಭ್ಯಾಸ ಮಾಡುವವರು. ಸ್ಪರ್ಧೆಗೆ ತಕ್ಕ ಸೈಕಲ್ಲಿಗೆ ಲಕ್ಷಗಟ್ಟಲೆ ಬೆಲೆ. ಎರಡೆಕರೆ ದ್ರಾಕ್ಷಿ ಪಡವನ್ನು ಆಲಿಕಲ್ಲಿಗೆ ಕಳೆದುಕೊಂಡ ಅಪ್ಪ ಅದನ್ನು ಎಲ್ಲಿಂದ ತರಬೇಕು?

ಇಂಥ ಸೈಕ್ಲಿಸ್ಟ್ ರಾಷ್ಟ್ರೀಯ ಮಟ್ಟದಲ್ಲಿ ಪದಕ ಗೆಲ್ಲುತ್ತಾಳೆ. ಮುಂದೇನು? ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಜಪಾನ್, ಚೀನಾ, ಕೊರಿಯಾ, ಮಲೇಷ್ಯಾದ ಪಳಗಿದ ಸವಾರರು ಎದುರಿಗಿರುತ್ತಾರೆ. ರಾಷ್ಟ್ರೀಯದಿಂದ ಅಲ್ಲಿಗೆ ಒಂದೇ ನೆಗೆತಕ್ಕೆ ಏರುವವರು ಬೆರಳೆಣಿಕೆ. ನಡುವೆ ಇದ್ದ ಒಂದು ಮೆಟ್ಟಿಲು ದಕ್ಷಿಣ ಏಷ್ಯಾ ಕೂಟ. ಗುವಾಹಟಿಯಲ್ಲಿ ಸೈಕ್ಲಿಂಗ್ ಇತ್ತು, ಭಾರತದ ಸವಾರರು ಚಿನ್ನ ಗೆದ್ದರು. ಆ ಪದಕ ಗೋಡೆಗೆ ನೇತು ಹಾಕುವುದಕ್ಕಷ್ಟೇ ಅಲ್ಲ. ರೈಲ್ವೆಯ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಲೆಕ್ಕಕ್ಕೆ ಬರುವ ಸ್ಪರ್ಧೆಗಳ ಪಟ್ಟಿಯಲ್ಲಿ ಸ್ಯಾಫ್ ಗೇಮ್ಸ್ ಎಂದು ಇದೇ ಕೂಟದ ಹೆಸರಿದೆ. ಬಡ ಮನೆಯ ಹುಡುಗಿಗೆ ಆ ಹೆಸರಿನ ಪ್ರಮಾಣಪತ್ರ ಎಂದರೆ ಖಾಯಂ ನೌಕರಿ, ತಮ್ಮನ ಕಾಲೇಜು ಫೀ, ಅವ್ವನ ಔಷಧ. ಕೂಟವೇ ನಡೆಯದಿದ್ದರೆ ಪಟ್ಟಿಯಲ್ಲಿ ಹೆಸರಿದ್ದು ಏನು ಬಂತು?

ಭಾರತ ಅಲ್ಲಿ ಹೇಗೂ ಗೆಲ್ಲುತ್ತದೆ, ಅದಕ್ಕೇನು ಬೆಲೆ ಎನ್ನುವವರಿಗೆ ಎರಡು ಉತ್ತರ. ನಮ್ಮ ಅಗ್ರ ತಾರೆಯರು ಬಹುತೇಕ ಅಲ್ಲಿಗೆ ಹೋಗದಿರುವುದೇ ಅದರ ಬೆಲೆ. ಅದರಿಂದಾಗಿ ಎರಡನೇ ಸಾಲಿನವರಿಗೆ ದೇಶದ ಹೆಸರಿರುವ ಅಂಗಿ ಸಿಗುತ್ತದೆ. ಇನ್ನು, ಅಲ್ಲಿ ಗೆಲುವು ಪುಕ್ಕಟೆಯೂ ಅಲ್ಲ. 2019ರಲ್ಲಿ ನೇಪಾಳ 51 ಚಿನ್ನ ಗೆದ್ದಿತು. ಪುರುಷರ 100 ಮೀಟರ್ ಓಟದಲ್ಲಿ ಚಿನ್ನ ಹೋದದ್ದು ಮಾಲ್ಡೀವ್ಸ್‌ನ ಹಸನ್ ಸಯೀದ್‌ಗೆ. ಸಣ್ಣ ದ್ವೀಪಗಳ ದೇಶವೊಂದು ನೂರನಲವತ್ತು ಕೋಟಿ ಜನರ ದೇಶವನ್ನು ಹಿಂದಿಕ್ಕಿದ ಆ ಓಟ ನನಗೆ ಬಹಳ ಇಷ್ಟವಾದದ್ದು. ಖೋ-ಖೋ ಈ ಕೂಟಕ್ಕೆ ಬಂದದ್ದು 2016ರಲ್ಲಿ. ನಮ್ಮ ಮಣ್ಣಿನ ಆಟವನ್ನು ನೆರೆಯವರೂ ಅಲ್ಲಿ ಆಡಿದರು.

ನೆರೆಯವರ ಜೊತೆ ಜಗಳ ಇದ್ದರೂ ಆಟ ನಿಲ್ಲಿಸದಿರುವುದು ಈ ಸೀಮೆಗೆ ಹೊಸದಲ್ಲ. ತಿಕೋಟಾ ದಾಟಿ ಮುಂದೆ ಹೋದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕು. 2022ರ ನವೆಂಬರ್, ಡಿಸೆಂಬರ್‌ನಲ್ಲಿ ಜತ್ತದ ಹಳ್ಳಿಗಳ ವಿಷಯವಾಗಿ ಗಡಿ ಜಗಳ ಕೆರಳಿ ಬಸ್ಸುಗಳಿಗೆ ಮಸಿ ಬಳಿದರು, ಕಲ್ಲು ತೂರಿದರು, ಸಂಚಾರ ನಿಂತಿತು. ಆದರೂ ತಿಕೋಟಾ ಸುತ್ತಲಿನ ಒಣದ್ರಾಕ್ಷಿ ಸಾಂಗ್ಲಿ, ತಾಸಗಾಂವದ ಮಾರುಕಟ್ಟೆಯನ್ನು ಬಿಡಲಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಕುಸ್ತಿ ಕಣದಲ್ಲಿ ಗಡಿಯಾಚೆಯ ಪೈಲ್ವಾನನ ಜೊತೆ ನಮ್ಮ ಪೈಲ್ವಾನನ ಜೋಡಿ ಕಟ್ಟಿದರೆ ಜನ ಎದ್ದು ಹೋಗುವುದಿಲ್ಲ, ಒತ್ತಿ ಕೂರುತ್ತಾರೆ. ರಾಜ್ಯಗಳ ಜಗಳ ಬೇರೆ, ಭಯೋತ್ಪಾದನೆ ಬೇರೆ; ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ನೆರೆಯವನನ್ನು ಕಣದಲ್ಲಿ ಚಿತ್ ಮಾಡುವುದು ಸೋಲಲ್ಲ, ಶರಣಾಗತಿಯೂ ಅಲ್ಲ ಎಂಬುದು ಇಲ್ಲಿನ ಯಾವ ಹಳ್ಳಿಯವನಿಗೂ ತಿಳಿದದ್ದು.

ಹಾಗಂತ ನಮ್ಮ ಹುಡುಗರನ್ನು ಲಾಹೋರಿಗೆ ಕಳಿಸಿ ಎನ್ನುತ್ತಿಲ್ಲ. ಭದ್ರತೆಯ ಪ್ರಶ್ನೆ ನಿಜವಾದದ್ದು. ಆತಿಥ್ಯದ ಹಕ್ಕು ಪಡೆದ ಪಾಕಿಸ್ತಾನ ವರ್ಷಗಟ್ಟಲೆ ಕೂಟ ನಡೆಸದೇ ಉಳಿದದ್ದೂ ಅಷ್ಟೇ ನಿಜ. ಆದರೆ ದಾರಿ ಇದೆ, ಅದನ್ನು ಕ್ರಿಕೆಟ್ಟೇ ತೋರಿಸಿದೆ. 2025ರ ಚಾಂಪಿಯನ್ಸ್ ಟ್ರೋಫಿಯ ಆತಿಥ್ಯ ಪಾಕಿಸ್ತಾನದ್ದು, ಭಾರತ ಆಡಿದ್ದು ದುಬೈಯಲ್ಲಿ, ಗೆದ್ದದ್ದೂ ಅಲ್ಲೇ. ಅದೇ ವರ್ಷ ಭಾರತದ ಆತಿಥ್ಯದ ಮಹಿಳಾ ವಿಶ್ವಕಪ್‌ನಲ್ಲಿ ಪಾಕಿಸ್ತಾನ ತನ್ನ ಪಂದ್ಯಗಳನ್ನು ಕೊಲಂಬೊದಲ್ಲಿ ಆಡಿತು. ದಕ್ಷಿಣ ಏಷ್ಯಾ ಕೂಟವನ್ನೂ ಹಾಗೆ ಹಂಚಬಹುದು. ಕೊಲಂಬೊ ಇದೆ, ಕಠ್ಮಂಡು ಇದೆ, ಎರಡೂ ಈ ಕೂಟ ನಡೆಸಿ ಪಳಗಿದ ಊರುಗಳು. ಭಾರತ ಭಾಗವಹಿಸುವ ಸ್ಪರ್ಧೆಗಳು ಅಲ್ಲಿ ನಡೆಯಲಿ. ಅದಕ್ಕೂ ಪಾಕಿಸ್ತಾನ ಒಪ್ಪದಿದ್ದರೆ ಉಳಿದ ಆರು ದೇಶಗಳು ಆಡಲಿ. 2025ರ ಅಕ್ಟೋಬರ್‌ನಲ್ಲಿ ರಾಂಚಿಯಲ್ಲಿ ದಕ್ಷಿಣ ಏಷ್ಯಾ ಸೀನಿಯರ್ ಅಥ್ಲೆಟಿಕ್ಸ್ ಪಾಕಿಸ್ತಾನವಿಲ್ಲದೆ ಆರು ದೇಶಗಳ ನಡುವೆ ನಡೆಯಿತಲ್ಲ. ಅದು ಎರಡನೇ ಆಯ್ಕೆ. ನನ್ನ ಮೊದಲ ಆಯ್ಕೆ ಏಳೂ ದೇಶಗಳದು. ಆದರೆ ಕೂಟವನ್ನೇ ಮಣ್ಣು ಮಾಡುವುದಕ್ಕಿಂತ ಅದು ಸಾವಿರ ಪಾಲು ಮೇಲು.

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ. 2036ರ ಒಲಿಂಪಿಕ್ಸ್‌ಗೂ ಕೈ ಚಾಚಿದ್ದೇವೆ. ಎರಡೂ ಇಲ್ಲಿ ನಡೆದರೆ ಪಾಕಿಸ್ತಾನದ ಕ್ರೀಡಾಪಟುಗಳು ಬರುತ್ತಾರೆ, ವೀಸಾ ಕೊಡಲೇಬೇಕು. 2019ರಲ್ಲಿ ದೆಹಲಿಯ ಶೂಟಿಂಗ್ ವಿಶ್ವಕಪ್‌ಗೆ ಇಬ್ಬರು ಪಾಕಿಸ್ತಾನಿ ಶೂಟರ್‌ಗಳಿಗೆ ವೀಸಾ ಸಿಗದಿದ್ದಾಗ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಭಾರತದ ಜೊತೆ ಆತಿಥ್ಯದ ಮಾತುಕತೆಯನ್ನೇ ನಿಲ್ಲಿಸಿತ್ತು. ಅಹಮದಾಬಾದಿನ ಹೆಸರಿನಲ್ಲಿ ನಾಳೆ ಒಪ್ಪುವುದನ್ನು ವಿಜಯಪುರದ ಮಕ್ಕಳ ಹೆಸರಿನಲ್ಲಿ ಇಂದು ಒಪ್ಪಲು ಏನು ಕಷ್ಟ?

ತಪ್ಪು ದೆಹಲಿಯದಷ್ಟೇ ಎಂದರೆ ಅರ್ಧ ಸತ್ಯ. ಭೂತನಾಳದ ಬಳಿಯ ಸೈಕ್ಲಿಂಗ್ ವೆಲೋಡ್ರೋಂ ಕಾಮಗಾರಿಯನ್ನು ವರ್ಷಗಟ್ಟಲೆ ಎಳೆದಾಡಿದ್ದು ಇಲ್ಲಿಯವರೇ. ಒಲಿಂಪಿಕ್ ಮಟ್ಟದ ಟ್ರ್ಯಾಕ್ ಸೈಕ್ಲಿಂಗ್‌ಗೆ 250 ಮೀಟರಿನ, ತಿರುವಿನಲ್ಲಿ ಗೋಡೆಯಂತೆ ಓರೆಯಾದ ಪಥ ಬೇಕು. ಅದರ ಮೇಲೆ ದಿನವೂ ಸುತ್ತದವನಿಗೆ ಅದರ ಮೇಲೆ ಗೆಲ್ಲುವುದು ಬಹಳ ಕಷ್ಟ. ರಸ್ತೆಯಲ್ಲಿ ಕಲಿತು ಟ್ರ್ಯಾಕಿನಲ್ಲಿ ಪದಕ ತಂದ ನಮ್ಮ ಮಕ್ಕಳ ಸಾಧನೆ ದೊಡ್ಡದು, ಅದಕ್ಕೇ ಈ ವಿಳಂಬ ಹೆಚ್ಚು ಕ್ರೂರ.

ಸಂಸದ ರಮೇಶ ಜಿಗಜಿಣಗಿಯವರು ಲೋಕಸಭೆಯಲ್ಲಿ ಈ ಪ್ರಶ್ನೆ ಕೇಳಬೇಕು: ದಕ್ಷಿಣ ಏಷ್ಯಾ ಕೂಟ ಹಂಚಿಕೆಯ ಆತಿಥ್ಯದಲ್ಲಿ ನಡೆಯಲು ಸರ್ಕಾರ ಮತ್ತು ಪಿ.ಟಿ. ಉಷಾ ಅಧ್ಯಕ್ಷತೆಯ ಭಾರತೀಯ ಒಲಿಂಪಿಕ್ ಸಂಸ್ಥೆ ಏನು ಮಾಡುತ್ತಿವೆ? ಸೈಕ್ಲಿಂಗ್ ಅದರಲ್ಲಿ ಇರುತ್ತದೆಯೇ? ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು ಇದನ್ನು ಜಿಲ್ಲೆಯ ಬೇಡಿಕೆಯಾಗಿ ರಾಜ್ಯ ಸರ್ಕಾರದಿಂದ ಬರೆಸಬೇಕು. ಪಕ್ಷ ಬೇರೆ ಬೇರೆ ಇರಬಹುದು, ಮಕ್ಕಳು ಇಬ್ಬರ ಕ್ಷೇತ್ರದವರೂ ಹೌದು. ಓದುಗರೇ, ಮುಂದಿನ ಸಲ ಅವರು ನಿಮ್ಮೂರಿಗೆ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ.