ಕೋವಿಗೆ ಕಾಲು ಕಟ್ಟುವವರ ವಾದ

ಕೊಡಗಿನ ತೋಟದ ಮನೆಗಳ ಜಗಲಿಯಲ್ಲಿ ಹೊಸದೊಂದು ಚರ್ಚೆ ಕೇಳಿಬರುತ್ತಿದೆ. ಕೋವಿಯ ನಳಿಗೆಯ ಕೆಳಗೆ ಜೋಡಿಸುವ ಎರಡು ಕಾಲಿನ ಆಸರೆ, ಅಂದರೆ ಬೈಪಾಡ್, ಯಾವುದು ಉತ್ತಮ? ಗಿಡ್ಡ ಕಾಲಿನದೋ, ಉದ್ದ ಕಾಲಿನದೋ? ತುದಿಗೆ ರಬ್ಬರ್ ಇರಬೇಕೋ, ನೆಲಕ್ಕೆ ನಾಟುವ ಮೊಳೆ ಇರಬೇಕೋ? ಇಳಿಜಾರಿನಲ್ಲಿ ಒಂದು ಕಾಲನ್ನು ಮಾತ್ರ ಗಿಡ್ಡ ಮಾಡಲು ಬರುತ್ತದೆಯೋ? ಯಂತ್ರದ ಗುಣದೋಷಗಳ ಬಗ್ಗೆ ಇಷ್ಟು ಸೂಕ್ಷ್ಮವಾಗಿ ವಿಚಾರಿಸುವವರು ಅದು ಯಾವ ಕೆಲಸಕ್ಕೆ ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳುವುದಿಲ್ಲ.

ಕೇಳಿದರೆ ಸಿಗುವ ಉತ್ತರ ಸಿದ್ಧವಾಗಿದೆ: ಕೋವಿ ನಮ್ಮ ಸಂಸ್ಕೃತಿ. ಮಾತು ಸುಳ್ಳಲ್ಲ. 1861ರಲ್ಲಿ ಮಾರ್ಕ್ ಕಬ್ಬನ್ ಹೊರಡಿಸಿದ ಘೋಷಣೆಯಿಂದ ಕೊಡವರಿಗೆ ದೊರೆತ ವಿನಾಯಿತಿ ಸ್ವತಂತ್ರ ಭಾರತದ ಶಸ್ತ್ರಾಸ್ತ್ರ ಕಾಯಿದೆಯಡಿಯಲ್ಲೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಗೃಹ ಇಲಾಖೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು 2029ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ಸಂಸ್ಕೃತಿಯಲ್ಲಿ ಕೋವಿಯ ಸ್ಥಾನ ಎಲ್ಲಿ? ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಅದು ದೇವರ ದೀಪದ ಬಳಿ ‘ತೋಕ್ ಪೂ’ ಮುಡಿದು ನಿಲ್ಲುತ್ತದೆ. ಪುತ್ತರಿಯ ಕದಿರು ಕೊಯ್ಯುವಾಗ ಒಂದು ಈಡು, ಮನೆಯಲ್ಲಿ ಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಊರಿಗೆ ತಿಳಿಸಲು ಮತ್ತೆ ಈಡು. ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವಾಗ ಹೊಡೆಯುವವನು ಕೋವಿಯನ್ನು ಹೆಗಲಿಗೊತ್ತಿ, ಉಸಿರು ಹಿಡಿದು, ತನ್ನ ಕಾಲ ಮೇಲೆ ನಿಲ್ಲುತ್ತಾನೆ. ಕೋವಿಗೆ ಬೇರೆ ಕಾಲು ಬೇಕಾಗಿರಲಿಲ್ಲ. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲೂ ಬೈಪಾಡ್‌ಗೆ ಅವಕಾಶವಿಲ್ಲ. ಎರಡು ಕಾಲಿನ ಆಸರೆಯನ್ನು ಒಪ್ಪುವ ದೂರಗುರಿಯ ಸ್ಪರ್ಧೆಗಳುಂಟು. ಅವು ನಡೆಯುವುದು ಹಿಂದೆ ಮಣ್ಣಿನ ದಿಬ್ಬ ಕಟ್ಟಿದ ಬಯಲುಗಳಲ್ಲಿ, ಕಾಫಿ ತೋಟದಲ್ಲಲ್ಲ.

ಕೊಡಗಿನ ಮನೆಗಳಲ್ಲಿರುವ ಕೋವಿಗಳಲ್ಲಿ ಬಹುಪಾಲು ಒಂಟಿ ನಳಿಗೆಯ ಇಲ್ಲವೇ ಜೋಡಿ ನಳಿಗೆಯ ತೋಟಾ ಕೋವಿಗಳು. ಚರೆ ಹಾರಿಸುವ ಕೋವಿ ಓಡುವ ಪ್ರಾಣಿಯ ಹಿಂದೆ ತಿರುಗಬೇಕಾದ ಆಯುಧ. ಅದಕ್ಕೆ ಕಾಲು ಕಟ್ಟಿದರೆ ಕೈಗೆ ಹಗ್ಗ ಕಟ್ಟಿದಂತೆ. ಹಿಂದೆ ನಾಯಿಗಳೊಡನೆ ಕಾಡು ಸೋವಿ ಆಡುತ್ತಿದ್ದ ಬೇಟೆಯಲ್ಲಿ ಬೈಪಾಡ್ ಬಿಚ್ಚಿ ಹರಡುವಷ್ಟು ಹೊತ್ತು ಯಾವ ಹಂದಿಯೂ ಕಾಯುತ್ತಿರಲಿಲ್ಲ. ಹಾಗಾದರೆ ಈ ಉಪಕರಣ ಕೆಲಸಕ್ಕೆ ಬರುವುದು ಯಾವಾಗ? ಪ್ರಾಣಿ ನಿಂತಿರಬೇಕು, ದೂರದಲ್ಲಿರಬೇಕು, ಹೊಡೆಯುವವನು ಮೊದಲೇ ಬಂದು ಮಲಗಿರಬೇಕು. ನೆರಳಿನ ಮರಗಳ ಕೆಳಗೆ ರೊಬಸ್ಟಾ ಗಿಡಗಳು ಒತ್ತಾಗಿ ಬೆಳೆದ ತೋಟದಲ್ಲಿ ಮಲಗಿದವನಿಗೆ ಕಾಣುವುದು ಗಿಡದ ಬುಡ ಮಾತ್ರ. ಉಳಿಯುವುದು ಬಾಣೆಯ ಹುಲ್ಲು, ಗದ್ದೆಯ ಅಂಚು, ಕೆರೆಯ ದಂಡೆ, ರಸ್ತೆಯ ಬದಿ; ಅದೂ ರಾತ್ರಿ, ದೀಪದ ಬೆಳಕಿನಲ್ಲಿ. ಅಂದರೆ ಈ ಉಪಕರಣ ಹೇಳಿ ಮಾಡಿಸಿದ್ದು ಹೊಂಚಿಗೆ, ಕಳ್ಳಬೇಟೆಗೆ.

ಇಲ್ಲಿ ಒಂದು ವಾದವನ್ನು ಗೌರವದಿಂದ ಕೇಳಬೇಕು. ಆಸರೆ ಇದ್ದರೆ ಗುರಿ ನಡುಗುವುದಿಲ್ಲ, ಪ್ರಾಣಿ ಗಾಯಗೊಂಡು ಓಡಿ ನರಳಿ ಸಾಯುವುದಿಲ್ಲ, ಆದ್ದರಿಂದ ಬೈಪಾಡ್ ಕರುಣೆಯ ಸಾಧನ ಎಂಬುದು ಆ ವಾದ. ಆಸರೆಯಿಂದ ಕೋವಿ ಸ್ಥಿರವಾಗುತ್ತದೆ ಎಂಬುದು ನಿಜ. ಅದು ಪೂರ್ಣ ನಿಜವಲ್ಲ: ಬಂಡೆ ಅಥವಾ ಸಿಮೆಂಟಿನಂಥ ಗಟ್ಟಿ ನೆಲದ ಮೇಲೆ ಊರಿದ ಬೈಪಾಡ್ ಗುಂಡು ಸಿಡಿದ ಕ್ಷಣ ನೆಗೆಯುತ್ತದೆ, ಗುರಿ ಮೇಲಕ್ಕೆ ತಪ್ಪುತ್ತದೆ. ಇರಲಿ. ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು. ಅಟ್ಟಣೆಯ ಮೇಲಿನಿಂದ ಹೊಡೆದ ಗುಂಡು ಕೆಳಮುಖವಾಗಿ ಹೋಗಿ ಹತ್ತಾರು ಗಜದಲ್ಲಿ ಮಣ್ಣು ಸೇರುತ್ತದೆ. ಮೊಣಕೈಯೂರಿ ಮಲಗಿ, ಗೇಣುದ್ದದ ಕಾಲಿನ ಮೇಲಿಟ್ಟ ರೈಫಲ್ಲಿನ ಗುಂಡು ನೆಲಕ್ಕೆ ಸಮಾನಾಂತರವಾಗಿ ಹೋಗುತ್ತದೆ. ಹಿಂದೆ ದಿಣ್ಣೆ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಪುಟ್ಟದೆಂದು ಕಡೆಗಣಿಸುವ .22ರ ಗುಂಡು ಕೂಡ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಆ ಒಂದು ಕಿಲೋಮೀಟರಿನಲ್ಲಿ ಲೈನುಮನೆಗಳಿವೆ, ನಸುಕಿನಲ್ಲಿ ಕೆಲಸಕ್ಕೆ ಹೊರಟ ಯರವ ಹೆಣ್ಣುಮಕ್ಕಳಿದ್ದಾರೆ, ಬಸ್ಸಿಗೆ ನಡೆಯುವ ಶಾಲೆಯ ಮಕ್ಕಳಿದ್ದಾರೆ. ಹಂದಿಯೆಂದು ಭ್ರಮಿಸಿ ಜೊತೆಗಾರನಿಗೇ ಗುಂಡು ತಗುಲಿದ ಸುದ್ದಿ ಕೊಡಗಿನ ಪತ್ರಿಕೆ ಓದುವವರಿಗೆ ಹೊಸದಲ್ಲ. ಅಂಥ ಸಾವಿನ ಮನೆಯಲ್ಲಿ ಕರುಣೆಯ ಸಾಧನದ ಮಾತಾಡುವ ಧೈರ್ಯ ಯಾರಿಗಿದೆ?

ಕಾನೂನಿನ ಬಗ್ಗೆ ಹರಡಿರುವ ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ವಿನಾಯಿತಿ ಇರುವುದು ಶಸ್ತ್ರಾಸ್ತ್ರ ಕಾಯಿದೆಯ ಪರವಾನಗಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗಲ್ಲ. ಆ ಕಾಯಿದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಸೋವುವುದು, ಉರುಳು ಒಡ್ಡುವುದು, ಆಮಿಷ ಇಡುವುದು, ಇವುಗಳಿಗೆ ಯತ್ನಿಸುವುದು, ಎಲ್ಲವೂ ಬೇಟೆಯೇ. ಸ್ವಂತ ತೋಟವೆಂಬ ಕಾರಣಕ್ಕೆ ರಿಯಾಯಿತಿಯಿಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಅಥವಾ ಜೀವಕ್ಕೆ ಅಪಾಯವಿದ್ದಾಗ ಅದನ್ನು ಕೊಲ್ಲಲು ಲಿಖಿತ ಅನುಮತಿ ಕೊಡುವ ಅಧಿಕಾರ 11ನೇ ಕಲಮಿನಲ್ಲಿ ಅರಣ್ಯ ಅಧಿಕಾರಿಗಳಿಗಿದೆ. ನೆರೆಯ ಕೇರಳ 2022ರಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೂ ಒಪ್ಪಿಸಿತು. ಅಂಥ ಅನುಮತಿಯಿದ್ದು ಹೊಡೆಯಲೇಬೇಕಾದಾಗ ಆಸರೆ ಬೇಕೆನ್ನುವವರಿಗೆ ಅಟ್ಟಣೆಯ ಅಡ್ಡಮರ ಸಾಕು. ಹಾಗಲ್ಲದಿದ್ದರೆ ನಿಂತು ಹೊಡೆಯುವ ಎತ್ತರದ ಕವೆಗೋಲು, ಇಳಿಜಾರಿನಲ್ಲಿ ಮೇಲಿನಿಂದ ಕೆಳಗೆ, ಹಿಂದೆ ಮಣ್ಣು ಕಾಣುವ ಕಡೆ. ಅದಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ, ಕತ್ತಿಯೊಂದಿದ್ದರೆ ಬೇಲಿಯ ಮರದಲ್ಲೇ ಸಿಗುತ್ತದೆ.

ಹಂದಿಯ ಕಾಟ ಕಟ್ಟುಕಥೆಯಲ್ಲ. ಹಾಲುಗಟ್ಟಿದ ಬತ್ತದ ಗದ್ದೆಗೆ ಒಂದು ಹಿಂಡು ಒಂದು ರಾತ್ರಿ ನುಗ್ಗಿದರೆ ವರ್ಷದ ಅನ್ನ ಕೆಸರಾಗುತ್ತದೆ. ಆ ರೈತನ ಸಿಟ್ಟನ್ನು ಪಟ್ಟಣದ ಪ್ರಾಣಿಪ್ರಿಯರು ಅರಿಯುವುದಿಲ್ಲ. ಆದರೆ ಹಂದಿಯನ್ನು ಊರಿಗೆ ಕರೆತಂದವರು ಯಾರು? ಗದ್ದೆಗಳು ವರ್ಷದಿಂದ ವರ್ಷಕ್ಕೆ ಪಾಳು ಬೀಳುತ್ತಿವೆ. ಪಾಳುಗದ್ದೆಯ ಜೊಂಡು, ಬಾಣೆಯ ಲಂಟಾನ ಪೊದೆ ಹಂದಿಗೆ ಹಗಲು ಮಲಗುವ ಮನೆ. ಒಂದು ಹೆಣ್ಣುಹಂದಿ ಒಂದೇ ಸೂಲಿನಲ್ಲಿ ನಾಲ್ಕಾರು ಮರಿ ಹಾಕುತ್ತದೆ. ಪೊದೆ ಹಾಗೇ ಉಳಿದರೆ ಇಂದು ಹೊಡೆದ ಎರಡು ಹಂದಿಯ ಜಾಗಕ್ಕೆ ನಾಳೆ ಪಕ್ಕದ ಹಿಂಡು ಬರುತ್ತದೆ. ಇದು ಬಿತ್ತನೆ ತಿಳಿದ ಯಾರಿಗಾದರೂ ಅರ್ಥವಾಗುವ ಲೆಕ್ಕ. ಇನ್ನು ದೀಪದ ಬೆಳಕಿಗೆ ಸಿಗುವುದು ಹಂದಿಯೊಂದೇ ಅಲ್ಲ. ಕಡವೆ, ಜಿಂಕೆ, ಕಾಡುಕುರಿಯ ಕಣ್ಣೂ ಹೊಳೆಯುತ್ತದೆ. ಹುಲಿಯ ಆಹಾರವನ್ನು ಮನುಷ್ಯ ತಿಂದರೆ ಹುಲಿ ಕೊಟ್ಟಿಗೆಗೆ ಬರುತ್ತದೆ. 2021ರ ಆರಂಭದಲ್ಲಿ ದಕ್ಷಿಣ ಕೊಡಗಿನಲ್ಲಿ ಹುಲಿಯ ದಾಳಿಗೆ ಜೀವಗಳು ಹೋದಾಗ ಜನ ರಸ್ತೆಗಿಳಿದರು, ನ್ಯಾಯವಾಗಿಯೇ ಇಳಿದರು. ಕಾಡಿನ ಅಂಚಿನಲ್ಲಿ ಹುಲಿಗೆ ತಿನ್ನಲು ಏನು ಉಳಿದಿದೆ ಎಂಬ ಪ್ರಶ್ನೆ ಅಂದೂ ಏಳಬೇಕಿತ್ತು.

ಕೊಡಗಿನ ಹಿರಿಯರು ಬೇಟೆಗಾರರಾಗಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಹುಲಿ ಕೊಂದವನಿಗೆ ‘ನರಿ ಮಂಗಲ’ ನಡೆಸಿ ಮದುಮಗನಂತೆ ಸತ್ಕರಿಸಿದ ನಾಡು ಇದು. ಅದೇ ಹಿರಿಯರು ಸಾವಿರಕ್ಕೂ ಹೆಚ್ಚು ದೇವರಕಾಡುಗಳನ್ನು ಬಿಟ್ಟುಹೋದರು. ಅವುಗಳಲ್ಲಿ ಬೇಟೆಯ ದೇವರಾದ ಅಯ್ಯಪ್ಪನಿಗೇ ಮಣ್ಣಿನ ನಾಯಿಗಳನ್ನು ಒಪ್ಪಿಸಿ, ಆ ಕಾಡಿನೊಳಗೆ ಬೇಟೆಯಾಡದೆ ಹಿಂದಿರುಗಿದರು. ಅವರಿಗಿದ್ದ ಎಲ್ಲೆಯ ಅರಿವು ಬೈಪಾಡ್ ಮಾರುವವನ ಪಟ್ಟಿಯಲ್ಲಿ ಸಿಗುವ ಸರಕಲ್ಲ.

ವಿನಾಯಿತಿಯ ಅವಧಿ 2029ಕ್ಕೆ ಮುಗಿಯುತ್ತದೆ. ಅದನ್ನು ಮತ್ತೆ ಕೇಳಲು ದೆಹಲಿಗೆ ಹೋಗುವವರ ಎದುರು ಕಳ್ಳಬೇಟೆಯ ಪ್ರಕರಣಗಳ ಕಡತ ತೆರೆದುಕೊಂಡರೆ ಅವರು ಏನೆನ್ನುತ್ತಾರೆ? ಊರೂರಿನ ಸಂಘಗಳು ಅದಕ್ಕೂ ಮೊದಲೇ ಕೂತು ಮಾತಾಡಲಿ: ರಾತ್ರಿ ದೀಪ ಹಿಡಿದು ಹೊರಡುವ ಕೋವಿಗೆ ಕೈಲ್‌ಪೊಳ್ದ್ ದಿನ ದೇವರ ದೀಪದ ಬಳಿ ಜಾಗವಿಲ್ಲ ಎಂದು ನಿರ್ಣಯಿಸಲಿ. ಬೆಳೆ ಕಳೆದುಕೊಂಡವರು ಒಬ್ಬೊಬ್ಬರಾಗಿ ಅಲೆಯದೆ ಇಡೀ ಗ್ರಾಮದವರು ಒಟ್ಟಿಗೆ ಹಾನಿಯ ಚಿತ್ರ ತೆಗೆದು ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಅರ್ಜಿ ಹಾಕಲಿ. ಬೈಪಾಡ್‌ಗೆ ಎತ್ತಿಟ್ಟ ಹಣದಲ್ಲಿ ಮೊದಲು ಪಾಳುಗದ್ದೆಯ ಜೊಂಡು ಕಡಿಸಲಿ. ಮುಂದಿನ ಮಳೆಗೆ ಅಲ್ಲಿ ನಾಟಿ ಆಗಬೇಕಿದೆ.