ಹೆಣ್ಣುಮಗುವಿಗೆ ಅಭಯದ ಮನೆ

ಸೂಳೆ ಸಂಕವ್ವೆಯ ಅಂಕಿತ ನಿರ್ಲಜ್ಜೇಶ್ವರ. ಲೋಕವು ಹೀನವಾಗಿ ಕಂಡ ಹೆಣ್ಣುಮಗಳನ್ನು ಹನ್ನೆರಡನೆಯ ಶತಮಾನದ ಶರಣರು ತಮ್ಮ ಸಾಲಿನಲ್ಲಿ ಕೂಡಿಸಿಕೊಂಡರು. ಆಕೆಯ ವಚನವೊಂದು ಇಂದಿಗೂ ಉಳಿದಿದೆ. ಆ ಕಲ್ಯಾಣ ನಮ್ಮ ಹುಲಸೂರಿಗೆ ದೂರವಲ್ಲ. ಆದರೆ ನಮ್ಮದೇ ಓಣಿಯ ಹನ್ನೆರಡು ವರ್ಷದ ಮಗುವಿನ ಮೇಲೆ ದೌರ್ಜನ್ಯ ನಡೆದರೆ ನಾವು ಮಾಡುವುದೇನು? ಮೊದಲು ಮನೆಯ ಬಾಗಿಲು ಮುಚ್ಚುತ್ತೇವೆ, ಆಮೇಲೆ ಮಗುವಿನ ಬಾಯಿ ಮುಚ್ಚಿಸುತ್ತೇವೆ, ಕಡೆಗೆ ಅವಸರದಲ್ಲಿ ವರನನ್ನು ಹುಡುಕುತ್ತೇವೆ. ಲಜ್ಜೆಯನ್ನು ತಪ್ಪು ಮಾಡದವಳ ತಲೆಗೆ ಕಟ್ಟುವ ಈ ಪದ್ಧತಿ ಶರಣರದಲ್ಲ.

"ಅಪ್ಪಾವ್ರೆ, ಹುಡುಗಿನ್ನ ಆಶ್ರಮಕ್ಕ ಕಳಿಸಿದ್ರ ಮಂದಿ ಏನಂದಾರು? ಮನ್ಯಾಗಿದ್ರ ತಾನ ಮರೀತಾಳ" ಎಂದು ಹಿರಿಯರು ಹೇಳುವುದುಂಟು. ಮನೆ ಸುರಕ್ಷಿತವಾಗಿದ್ದರೆ ಮನೆಗಿಂತ ದೊಡ್ಡ ಆಶ್ರಮವಿಲ್ಲ, ನಿಜ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳನ್ನು ನೋಡಿರಿ. ಇಂತಹ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಮಗುವಿಗೆ ಗುರುತಿನವನೇ: ಬಂಧು, ನೆರೆಯವ, ಮನೆಗೆ ಬಂದು ಹೋಗುವವ. ದುಡಿಮೆಗಾಗಿ ತಂದೆತಾಯಿ ಹೈದರಾಬಾದು, ಪುಣೆ ಸೇರಿ, ಮಗುವನ್ನು ಯಾರದೋ ಆಶ್ರಯದಲ್ಲಿ ಬಿಟ್ಟಿರುತ್ತಾರೆ. ಅವನು ಅದೇ ಅಂಗಳದಲ್ಲಿ ತಿರುಗುತ್ತಿರುವಾಗ ಮಗು ಮರೆಯುವುದು ಹೇಗೆ?

ನೊಂದ ಮಗುವಿನ ದುಃಖ ಬಾಯಿಂದ ಬರುವುದಕ್ಕಿಂತ ಮೊದಲು ದೇಹದಲ್ಲಿ ಕಾಣುತ್ತದೆ. ರಾತ್ರಿ ನಿದ್ರೆಯಿಲ್ಲ, ಚಿಲಕದ ಸಪ್ಪಳಕ್ಕೆ ಬೆಚ್ಚುತ್ತದೆ, ಊಟ ಬಿಡುತ್ತದೆ, ಕಾರಣವಿಲ್ಲದೆ ಸಿಡುಕುತ್ತದೆ. ನಾವದನ್ನು ಹಟವೆಂದು ಬಡಿಯುತ್ತೇವೆ, ಇಲ್ಲವೇ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತೇವೆ. ಒಳ್ಳೆಯ ಆಶ್ರಯಧಾಮದವರು ಮಾಡುವ ಉಪಚಾರ ನೋಡಲು ಬಹು ಸಾದಾ ಆದುದು. ಹೊತ್ತಿಗೆ ಸರಿಯಾಗಿ ಊಟ, ಪಕ್ಕದಲ್ಲಿ ಮಲಗುವ ಓರಗೆಯ ಮಕ್ಕಳು, ಬೆಳಗಾದರೆ ಶಾಲೆ, ಗದರಿಸದ ಒಬ್ಬ ತಾಯಿಯಂಥವಳು. ಏನಾಯಿತೆಂದು ಯಾರೂ ಅಗೆದಗೆದು ಕೇಳುವುದಿಲ್ಲ; ಮಗು ತಾನಾಗಿ ತುಣುಕು ತುಣುಕಾಗಿ ಹೇಳುವತನಕ ಕಾಯುತ್ತಾರೆ. ತಿಂಗಳುಗಳೇ ಹಿಡಿದಾವು, ಕೆಲವೊಮ್ಮೆ ವರ್ಷಗಳೂ. ಮೈಸೂರಿನಲ್ಲಿ ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಕಟ್ಟಿದ ಒಡನಾಡಿ ಸಂಸ್ಥೆ ಮೂರು ದಶಕಗಳಿಗೂ ಮೇಲ್ಪಟ್ಟು ಈ ಕಾಯಕ ನಡೆಸುತ್ತ ಬಂದಿದೆ. ಸಾಗಿಸಲ್ಪಟ್ಟ, ಮಾರಲ್ಪಟ್ಟ ಎಳೆಯರು ಅಲ್ಲಿ ಬೆಳೆದು ತಮ್ಮ ಕಾಲ ಮೇಲೆ ನಿಂತಿದ್ದಾರೆ. ಇದೂ ದಾಸೋಹವೇ.

ಇನ್ನೊಂದು ಕಾರಣವೂ ಉಂಟು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ದಿನ ಬರುವತನಕ ಮಗುವಿನ ಮೇಲೆ ಒತ್ತಡ ಬೀಳದೆ ಇರುವುದಿಲ್ಲ. ಮಾವ ಬೇಡುತ್ತಾನೆ, ಅಜ್ಜಿ ಅಳುತ್ತಾಳೆ, ಪಂಚರು ಕೂತು ಇಂತಿಷ್ಟು ಹಣವೆಂದು ತೀರ್ಮಾನಿಸುತ್ತಾರೆ. ಇಂತಹ ರಾಜಿಗೆ ಯಾವ ಬೆಲೆಯೂ ಇಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ತಿಳಿದೂ ಪೊಲೀಸರಿಗೆ ಹೇಳದವನೇ ಅಪರಾಧಿ. ಪಂಚರೂ ಹೊರತಲ್ಲ, ಸ್ವಾಮಿಗಳೂ ಹೊರತಲ್ಲ. ಪೊಲೀಸರು 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮಗು ಮನೆಯಲ್ಲಿರಬೇಕೋ ಆಶ್ರಯದಲ್ಲಿರಬೇಕೋ ಎಂಬುದನ್ನು ಸಮಿತಿ ನಿರ್ಧರಿಸುತ್ತದೆ. ಅದು ಊರ ಕಟ್ಟೆಯ ಮೇಲೆ ತೀರುವ ಮಾತಲ್ಲ.

ಆಶ್ರಯವೆಂಬ ಹೆಸರಿದ್ದಲ್ಲೆಲ್ಲ ಅಭಯವಿದೆ ಎನ್ನುವಂತೆಯೂ ಇಲ್ಲ. ಬಿಹಾರದ ಮುಜಫ್ಫರಪುರದ ಬಾಲಿಕಾಗೃಹದಲ್ಲಿ ಕಾಯಬೇಕಾದವರೇ ಮಕ್ಕಳನ್ನು ಹಿಂಸಿಸಿದ್ದು 2018ರಲ್ಲಿ ಬಯಲಿಗೆ ಬಂತು. ಬಯಲಾದದ್ದು ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಹೊರಗಿನಿಂದ ಹೋಗಿ ಮಕ್ಕಳನ್ನು ಮಾತನಾಡಿಸಿದ್ದರಿಂದ. 2020ರಲ್ಲಿ ತಪ್ಪಿತಸ್ಥರಿಗೆ ಶಿಕ್ಷೆಯಾಯಿತು.

ಈ ಮಾತನ್ನು ಮಠಗಳ ಪ್ರಸಾದನಿಲಯಗಳಿಗೂ ಅನ್ವಯಿಸಿ ಹೇಳದಿದ್ದರೆ ನಾವು ಪ್ರವಚನ ಮಾಡಿ ಫಲವಿಲ್ಲ. 2022ರಲ್ಲಿ ಚಿತ್ರದುರ್ಗದ ಮಠವೊಂದರ ವಿದ್ಯಾರ್ಥಿನಿಲಯದ ಬಾಲಕಿಯರು ದೂರು ಹೇಳಲು ಮೈಸೂರಿನ ಒಡನಾಡಿಯ ಬಾಗಿಲಿಗೆ ಹೋಗಬೇಕಾಯಿತು. ಸತ್ಯಾಸತ್ಯದ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು; 2025ರ ನವೆಂಬರಿನಲ್ಲಿ ಖುಲಾಸೆಯ ತೀರ್ಪೂ ಬಂದಿದೆ. ಆ ತೀರ್ಪಿನ ಗೊಡವೆಗೆ ನಾವು ಹೋಗುವುದಿಲ್ಲ. ಆದರೆ ಮಠದ ಮೇಲಿನ ದೂರನ್ನು ಮಠದಲ್ಲೇ ಹೇಳು ಎಂದರೆ ಯಾವ ಮಗು ಹೇಳೀತು? ಆದುದರಿಂದ ಪ್ರತಿ ನಿಲಯಕ್ಕೂ ಹೆಣ್ಣು ಮೇಲ್ವಿಚಾರಕಿ ಬೇಕು, ಹೊರಗಿನವರ ತಪಾಸಣೆ ಬೇಕು, ಗೋಡೆಯ ಮೇಲೆ 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ದಪ್ಪಕ್ಷರದಲ್ಲಿ ಬೇಕು. ಇದನ್ನು ಅಪಮಾನವೆಂದು ತಿಳಿಯುವ ಸ್ವಾಮಿಗಳು ನಿಲಯ ನಡೆಸುವ ಗೊಡವೆಗೆ ಹೋಗದಿರುವುದೇ ಲೇಸು.

ಇನ್ನು ಮಗು ಊರಿಗೆ ಮರಳಿ ಬರುವ ಮಾತು. ಜಾತ್ರೆಗೋ ಹಬ್ಬಕ್ಕೋ ಬಂದಾಗ ಬಾವಿಕಟ್ಟೆಯಲ್ಲಿ ಪಿಸುಮಾತು ಬೇಡ, ಕನಿಕರದ ನೋಟವೂ ಬೇಡ. ಎಷ್ಟನೆಯ ಇಯತ್ತೆ ಓದುತ್ತೀ ತಂಗಿ ಎಂದು ಕೇಳಿ, ದಾಸೋಹದ ಪಂಕ್ತಿಯಲ್ಲಿ ಎಲ್ಲರೊಡನೆ ಕೂಡಿಸಿರಿ. ಹದಿನೆಂಟು ತುಂಬುವ ಮುನ್ನ ಲಗ್ನದ ಸುದ್ದಿಯನ್ನು ಯಾರೇ ಎತ್ತಿದರೂ, ಆ ಮನೆಯ ಹಿರಿಯರೇ ಎದ್ದು ಬೇಡವೆನ್ನಿರಿ.