ಸವೆಯುವುದೇ ಅದರ ಕೆಲಸ

ನಿದ್ದೆಯಲ್ಲಿ ಹಲ್ಲು ಕಡಿಯುವುದಕ್ಕೆ ಮರಾಠಿಯಲ್ಲಿ ‘ದಾತ ಖಾಣೆ’ ಅನ್ನುತ್ತಾರೆ, ಅಂದರೆ ಹಲ್ಲು ತಿನ್ನುವುದು. ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ವಿದ್ಯಾರ್ಥಿಗಳಿಗೆ ಎರಡೂ ಭಾಷೆ ಬರುತ್ತವೆ, ಅದಕ್ಕೇ ಹೇಳುತ್ತೇನೆ: ಈ ಒಂದು ವಿಷಯದಲ್ಲಿ ಮರಾಠಿ ಮಾತು ವಿಜ್ಞಾನಕ್ಕೆ ಹೆಚ್ಚು ಹತ್ತಿರ. ಅಲ್ಲಿ ನಿಜವಾಗಿಯೂ ಹಲ್ಲು ಹಲ್ಲನ್ನೇ ತಿನ್ನುತ್ತಿರುತ್ತದೆ.

ಮನೆಯ ಬೀಸುಕಲ್ಲನ್ನು ಜೋಳ ಹಾಕದೆ ತಿರುವಿದರೆ ಏನಾಗುತ್ತದೆ? ಕಲ್ಲಿಗೆ ಕಲ್ಲು ಉಜ್ಜಿ ಸವೆಯುತ್ತದೆ. ಬಾಯಲ್ಲೂ ಹಾಗೆಯೇ. ಹಲ್ಲಿನ ಮೇಲಿನ ಎನಾಮಲ್ ನಮ್ಮ ದೇಹದ ಅತಿ ಗಟ್ಟಿ ವಸ್ತು, ತೂಕದಲ್ಲಿ ಸುಮಾರು 96 ಭಾಗ ಖನಿಜ. ಮೋಹ್ಸ್ ಕಾಠಿಣ್ಯ ಮಾಪನದಲ್ಲಿ ಸುಮಾರು 5. ಆದರೆ ಅದಕ್ಕೆ ಸಮ ಗಟ್ಟಿಯಾದದ್ದು ಎದುರಿನ ಹಲ್ಲಿನ ಎನಾಮಲ್! ಬೀಸುಕಲ್ಲು ಸವೆದರೆ ಮತ್ತೆ ಉಳಿ ಹೊಡೆಸಬಹುದು. ಎನಾಮಲ್‌ನಲ್ಲಿ ಜೀವಕೋಶಗಳೇ ಇಲ್ಲ, ಆದ್ದರಿಂದ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಅದು ಹೋದ ಮೇಲೆ ಒಳಗಿನ ಹಳದಿ ಡೆಂಟಿನ್ ತೆರೆದುಕೊಂಡು ತಣ್ಣೀರು ಕುಡಿದರೂ ಜುಂ ಅನ್ನುತ್ತದೆ.

ಕಿವಿಯ ಮುಂದೆ ಕೆನ್ನೆಯ ಮೇಲೆ ಬೆರಳಿಟ್ಟು ಒಮ್ಮೆ ಹಲ್ಲು ಬಿಗಿಹಿಡಿಯಿರಿ. ಉಬ್ಬಿ ಬರುತ್ತದಲ್ಲ, ಅದು ಮ್ಯಾಸೆಟರ್ ಸ್ನಾಯು. ಎಚ್ಚರವಿದ್ದು ಸುಮ್ಮನೆ ಕೂತಾಗ ತುಟಿ ಮುಚ್ಚಿದ್ದರೂ ಮೇಲಿನ-ಕೆಳಗಿನ ಹಲ್ಲುಗಳ ನಡುವೆ ಎರಡು-ಮೂರು ಮಿಲಿಮೀಟರ್ ಸಂದು ಇರುತ್ತದೆ. ನಿದ್ದೆಯಲ್ಲಿ ಮೆದುಳು ಸ್ವಲ್ಪ ಎಚ್ಚರದ ಕಡೆ ಜಾರಿದಾಗ ಕೆಲವರಲ್ಲಿ ಈ ಸ್ನಾಯು ತಾನಾಗಿಯೇ ಬಿಗಿಯುತ್ತದೆ. ಚಿಂತೆ, ರಾತ್ರಿ ಹೊತ್ತಿನ ಚಹಾ, ತಂಬಾಕು ಇವು ಅದನ್ನು ಹೆಚ್ಚಿಸಬಹುದು. ಬೆಳಿಗ್ಗೆ ದವಡೆ ಹಿಡಿದುಕೊಂಡು ಖಡಕ್ ರೊಟ್ಟಿ ಅಗಿಯಲಿಕ್ಕೂ ಆಗುವುದಿಲ್ಲ.

ಇದಕ್ಕೆ ದಂತವೈದ್ಯರು ಕೊಡುವುದು ನೈಟ್ ಗಾರ್ಡ್. ಹಲ್ಲಿನ ಅಚ್ಚು ತೆಗೆದು ಅದರ ಮೇಲೆ ಅಕ್ರಿಲಿಕ್ ಪ್ಲಾಸ್ಟಿಕ್ಕಿನಿಂದ ಮಾಡಿದ ಪಾರದರ್ಶಕ ಹೊದಿಕೆ. ಜನ ಇದನ್ನು ಔಷಧಿ ಅಂತ ತಿಳಿದಿದ್ದಾರೆ. ಗಾರ್ಡ್ ಹಾಕಿದರೂ ಸ್ನಾಯು ಬಿಗಿಯಬಹುದು, ರಾತ್ರಿ ಕಡಿಯುವುದು ನಡೆದೇ ಇರಬಹುದು. ಅಕ್ರಿಲಿಕ್ ಎನಾಮಲ್‌ಗಿಂತ ಮೆತ್ತಗಿರುವುದರಿಂದ ಹಲ್ಲಿನ ಬದಲು ಅದು ಸವೆಯುತ್ತದೆ, ಅಷ್ಟೇ. ಮನೆಯ ಫ್ಯೂಸ್ ತಾನು ಸುಟ್ಟು ತಂತಿಯನ್ನು ಉಳಿಸುವ ಹಾಗೆ. ಇದು ಗೊತ್ತಿಲ್ಲದವರು ‘ಇನ್ನೂ ಕಡಿಯೋದು ನಿಂತಿಲ್ಲ’ ಅಂತ ಎಂಟೇ ದಿನಕ್ಕೆ ತೆಗೆದು ಡಬ್ಬಿಯಲ್ಲಿ ಹಾಕಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ.

ನಾನೂ ಹಾಕಿಕೊಳ್ಳುತ್ತೇನೆ, ಮೊದಲ ವಾರ ಕಷ್ಟವೇ. ಬಾಯಲ್ಲಿ ಏನೋ ಬಂತು ಅಂದರೆ ಮೆದುಳಿಗೆ ಅದು ಊಟ, ಜೊಲ್ಲು ಸುರಿಯುತ್ತದೆ, ತಲೆದಿಂಬು ಒದ್ದೆ. ಮಾತು ತೊದಲುತ್ತದೆ. ಮನೆಯಲ್ಲಿ ‘ಏನ್ ಹೇಳ್ಲತ್ತೀರಿ, ತಿಳೀವಲ್ದು’ ಅಂತ ನಕ್ಕರು. ಒಂದು ಬೆಳಿಗ್ಗೆ ಅದು ದಿಂಬಿನ ಕೆಳಗೆ ಸಿಕ್ಕಿತು, ತೆಗೆದದ್ದೇ ನೆನಪಿಲ್ಲ. ಎರಡು ವಾರ ದಾಟಿದ ಮೇಲೆ ಅದು ಇದೆ ಅನ್ನುವುದೇ ಮರೆತುಹೋಯಿತು. ಹೊಸ ಚಾಳೀಸು, ಕೈಗಡಿಯಾರ ಮೊದಲು ಚುಚ್ಚಿ ಆಮೇಲೆ ಗೊತ್ತೇ ಆಗದಂತಾಗುವುದೂ ಇದೇ ಕಾರಣಕ್ಕೆ: ಒಂದೇ ಸಂವೇದನೆ ಸತತವಾಗಿ ಬಂದರೆ ನರಮಂಡಲ ಅದಕ್ಕೆ ಪ್ರತಿಕ್ರಿಯೆ ಕಡಿಮೆ ಮಾಡುತ್ತದೆ. ಆದರೆ ಒಸಡು ನೋಯುತ್ತಿದ್ದರೆ, ಅಥವಾ ತೆಗೆದು ಬಹಳ ಹೊತ್ತಾದರೂ ಹಲ್ಲು ಸರಿಯಾಗಿ ಕೂಡದಿದ್ದರೆ ಸಹಿಸಿಕೊಂಡು ಕೂಡಬಾರದು. ವೈದ್ಯರು ತೆಳ್ಳನೆಯ ಬಣ್ಣದ ಕಾಗದ ಕಚ್ಚಿಸಿ, ಎಲ್ಲಿ ಹೆಚ್ಚು ತಾಗುತ್ತದೋ ಅಲ್ಲಿ ಉಜ್ಜಿ ಸರಿ ಮಾಡಿಕೊಡುತ್ತಾರೆ. ಅಂಗಡಿಯ ರೆಡಿಮೇಡ್ ಗಾರ್ಡಿಗೆ ಈ ಅನುಕೂಲ ಇಲ್ಲ.

ಇನ್ನು ನಿಮ್ಮ ಮಾತು. ಚಿಕ್ಕವರಲ್ಲಿ ಹಲ್ಲು ಕಡಿಯುವುದು ದೊಡ್ಡವರಿಗಿಂತ ಹೆಚ್ಚು, ಬಹಳ ಜನರಿಗೆ ವಯಸ್ಸಾದಂತೆ ತಾನೇ ಕಡಿಮೆಯಾಗುತ್ತದೆ. ದವಡೆ ಬೆಳೆಯುವ ವಯಸ್ಸಿನಲ್ಲಿ ಸಾಮಾನ್ಯವಾಗಿ ಗಾರ್ಡ್ ಕೊಡುವುದಿಲ್ಲ. ‘ಹೊಟ್ಟ್ಯಾಗ ಜಂತು ಆಗ್ಯಾವ, ಅದಕ್ಕೇ ಕಡೀತದ’ ಅಂತ ನಮ್ಮ ಕಡೆ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಜಂತುವೇ ಇದಕ್ಕೆ ಕಾರಣ ಅಂತ ಸಿದ್ಧವಾಗಿಲ್ಲ. 2015ರಿಂದ ರಾಷ್ಟ್ರೀಯ ಜಂತುನಿವಾರಣಾ ದಿನದಂದು ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಗುಳಿಗೆಯನ್ನು ತಪ್ಪದೆ ತಗೊಳ್ಳಿ, ಅದು ಜಂತುವಿಗೆ, ರಕ್ತಹೀನತೆ ಬಾರದಿರಲಿ ಅಂತ. ಹಲ್ಲಿಗಾಗಿ ಮತ್ತೆ ಮತ್ತೆ ಗುಳಿಗೆ ನುಂಗಿಸುವುದು ಬೇಡ.

ವಸತಿಗೃಹದಲ್ಲಿ ಪಕ್ಕದ ಹುಡುಗ ಹಲ್ಲು ಕಡಿದರೆ ಬೆಳಿಗ್ಗೆ ಎಲ್ಲರ ಮುಂದೆ ಅಣಕಿಸುವುದನ್ನು ನಾನು ನೋಡಿದ್ದೇನೆ. ಆ ಸದ್ದು ಕಡಿಯುವವನಿಗೆ ಕೇಳಿಸುವುದೇ ಇಲ್ಲ. ಅದನ್ನು ಹೇಳಬಲ್ಲವರು ಪಕ್ಕದಲ್ಲಿ ಮಲಗಿದವರು ಮಾತ್ರ. ಅವನೊಬ್ಬನಿಗೇ, ಮೆಲ್ಲಗೆ ಹೇಳಿ. ದವಡೆ ನೋವು, ಬೆಳಗಿನ ತಲೆನೋವು ಇದ್ದರೆ ನಮಗೆ ಬಂದು ತಿಳಿಸಿ, ಪಾಲಕರ ಜೊತೆ ಮಾತಾಡುತ್ತೇವೆ. ಲಾತೂರ, ಬೀದರ ಎರಡೂ ಕಡೆ ದಂತ ಕಾಲೇಜುಗಳಿವೆ.

ಮನೆಯಲ್ಲಿ ದೊಡ್ಡವರು ಯಾರಾದರೂ ಗಾರ್ಡ್ ಹಾಕುತ್ತಿದ್ದರೆ ಅದನ್ನು ತಣ್ಣೀರಲ್ಲೇ ತೊಳೆಯಲು ಹೇಳಿ, ಬಿಸಿನೀರಿಗೆ ಅದು ಸೊಟ್ಟಗಾಗುತ್ತದೆ. ಕೆಲವು ತಿಂಗಳಾದ ಗಾರ್ಡನ್ನು ಅವರನ್ನು ಕೇಳಿ, ಬೆಳಕಿಗೆ ಹಿಡಿಸಿ ಭೂತಕನ್ನಡಿಯಿಂದ ನೋಡಿ. ಅಲ್ಲಲ್ಲಿ ಗೀರು, ತಗ್ಗು ಕಾಣುತ್ತವೆ. ಗಾರ್ಡ್ ಇಲ್ಲದಿದ್ದರೆ ಅವು ಬೀಳುತ್ತಿದ್ದದ್ದು ಎನಾಮಲ್ ಮೇಲೆ.